ಪ್ರಾರ್ಥನೆ ಬರ್ತಾ ಇಲ್ಲ ಎನ್ನುವವರ ಪಕ್ಕದಲ್ಲಿ ಕೂರುವುದು ಹೇಗೆ

ಮನೆಯೊಳಗೆ ಕಾಲಿಟ್ಟ ತಕ್ಷಣ “ಬನ್ನಿ, ಪ್ರಾರ್ಥನೆ ಮಾಡೋಣ” ಎಂದು ಕಣ್ಣು ಮುಚ್ಚಬೇಡಿ. ನಮ್ಮ ಚರ್ಚ್ ಸಭೆಯ ಸ್ತ್ರೀ ಸಂಘದಿಂದ ಹೊಸಬರು ಯಾರಾದರೂ ನನ್ನ ಜೊತೆ ಮನೆ ಭೇಟಿಗೆ ಹೊರಟರೆ ನಾನು ಹೇಳುವ ಮೊದಲ ಮಾತು ಇದು. “ಪ್ರಾರ್ಥನೆ ಮಾಡ್ಲಿಕ್ಕೇ ಅಲ್ವಾ ಹೋಗುವುದು?” ಎಂದು ಅವರು ಕೇಳುತ್ತಾರೆ. ಹೌದು, ಅದಕ್ಕೇ. ಆದರೆ ಆ ಮನೆಯಲ್ಲಿರುವವರು ಪ್ರಾರ್ಥನೆ ಮಾಡಿ ಮಾಡಿ ಸುಸ್ತಾದವರು. ಬಾಯಿ ತೆರೆದರೆ ಮಾತು ಬರುವುದಿಲ್ಲ. ಸತ್ಯವೇದ (ಬೈಬಲ್) ತೆರೆದರೆ ಬರೀ ಅಕ್ಷರ ಕಾಣುತ್ತದೆ. ದೇವರಿಗೆ ನನ್ನ ಮೇಲೆ ಯಾಕೆ ಮುನಿಸು ಎಂದು ರಾತ್ರಿ ಪೂರ್ತಿ ಯೋಚಿಸಿದವರು. ಅಂಥವರ ಎದುರು ನಾವು ಗಟ್ಟಿ ಸ್ವರದಲ್ಲಿ ಹತ್ತು ನಿಮಿಷ ಪ್ರಾರ್ಥಿಸಿದರೆ ಅವರಿಗೆ ಏನನಿಸುತ್ತದೆ? ಎಲ್ಲರಿಗೂ ಬರುತ್ತದೆ, ನನಗೊಬ್ಬಳಿಗೇ ಬರುವುದಿಲ್ಲ ಎನಿಸುತ್ತದೆ.

ನಾನು ಉಡುಪಿಯವಳು. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಿಯಾದವಳು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವಳು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ ಹುಟ್ಟಿದ ಸಭೆಗಳು ನಮ್ಮವು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ನಾನು ಪಾದ್ರಿಯಲ್ಲ, ಕೌನ್ಸೆಲಿಂಗ್ ಓದಿದವಳೂ ಅಲ್ಲ. ದುಃಖದ ಮನೆಗಳಿಗೆ ಹೋಗಿ ಕೂತು, ಏನು ಸಹಾಯವಾಯಿತು, ಏನು ಆಗಲಿಲ್ಲ ಎಂದು ನೋಡಿದವಳು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋಗುವ ಮೊದಲು

ಫೋನ್ ಮಾಡಿ ಹೋಗಿ. ಬೇಡ ಅಂದರೆ ಬೇಡ. “ಸರಿ, ಬರುವ ವಾರ ಕೇಳ್ತೇನೆ” ಎಂದು ಹೇಳಿ, ಬರುವ ವಾರ ಮರೆಯದೆ ಕೇಳಿ. ಇಬ್ಬರಿಗಿಂತ ಜಾಸ್ತಿ ಜನ ಹೋಗಬೇಡಿ. ಎಂಟು ಜನ ಸೀರೆ ಉಟ್ಟು ಸಂಗೀತ ಪುಸ್ತಕ ಹಿಡಿದುಕೊಂಡು ಗೇಟು ತೆರೆದರೆ ಅಕ್ಕಪಕ್ಕದವರಿಗೆಲ್ಲ ಗೊತ್ತಾಗುತ್ತದೆ, ಮನೆಯವರಿಗೆ ಚಹಾ ಮಾಡುವ ಕೆಲಸ ಬೇರೆ. ಹೊತ್ತಿನ ಮಟ್ಟಿಗೆ, ಸಂಜೆ ನಾಲ್ಕರ ನಂತರ ಒಳ್ಳೆಯದು. ಬೇಸರ ಹೆಚ್ಚಾಗಿ ಕತ್ತಲಾಗುವಾಗ ಬರುತ್ತದೆ, ಅದರಲ್ಲೂ ಆಟಿ ತಿಂಗಳಿನ (ಜುಲೈ-ಆಗಸ್ಟ್) ಮಳೆಗೆ ಕರೆಂಟು ಹೋದರೆ.

ಬಸ್ಸಿನಲ್ಲಿ ಕೂತಾಗಲೇ ನಿಮ್ಮ ಪ್ರಾರ್ಥನೆ ಮುಗಿಸಿಕೊಳ್ಳಿ. ನಾನು ಕೇಳುವುದು ಇಷ್ಟೇ: “ಸ್ವಾಮೀ, ನನ್ನ ಬಾಯಿಗೆ ಕಾವಲಿಡು.” ಇದು ಸತ್ಯವೇದದ 141ನೇ ಕೀರ್ತನೆಯಿಂದ ತೆಗೆದುಕೊಂಡದ್ದು. ಶಿಕ್ಷಕಿಯಾಗಿದ್ದವಳಿಗೆ ಇದು ಸ್ವಲ್ಪ ಜಾಸ್ತಿಯೇ ಬೇಕು.

ಮೊದಲು ಕೇಳಿಸಿಕೊಳ್ಳುವುದು

ಸತ್ಯವೇದದ ಯೋಬನ ಕಥೆ ನಿಮಗೆ ಗೊತ್ತಲ್ವಾ. ಮಕ್ಕಳು ಹೋದರು, ಆಸ್ತಿ ಹೋಯಿತು, ಮೈತುಂಬ ಹುಣ್ಣು. ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ನೆ ಕೂತರು. ಅಷ್ಟರವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ಬಿಟ್ಟ ಮೇಲೆಯೇ ತೊಂದರೆ ಶುರುವಾದದ್ದು. ನೀನೇನೋ ಪಾಪ ಮಾಡಿರಬೇಕು ಎಂದು ಅಧ್ಯಾಯಗಟ್ಟಲೆ ಬುದ್ಧಿ ಹೇಳಿದರು. ಕೊನೆಯ ಅಧ್ಯಾಯದಲ್ಲಿ ದೇವರು ಹೇಳುವುದನ್ನು ನೋಡಿ: ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ನನ್ನ ಸೇವಕ ಯೋಬನು ಮಾತಾಡಿದ ಹಾಗೆ. ದೇವರ ಪರವಾಗಿ ವಾದ ಮಾಡಿದವರಿಗೆ ಬೈಗುಳ. ದೇವರ ಮೇಲೆಯೇ ದೂರು ಹೇಳಿದವನಿಗೆ ಮೆಚ್ಚುಗೆ. ಮನೆ ಭೇಟಿಗೆ ಹೋಗುವವರು ಬೇರೇನೂ ಓದದಿದ್ದರೂ ಯೋಬನ ಎರಡನೇ ಅಧ್ಯಾಯದ ಕೊನೆ ಮತ್ತು 42ನೇ ಅಧ್ಯಾಯ ಓದಿಕೊಳ್ಳಲಿ.

ಹಾಗಾಗಿ ಮೊದಲ ಅರ್ಧ ಗಂಟೆ ಕೇಳಿ. “ಪ್ರಾರ್ಥನೆ ಮಾಡ್ತೀರಾ? ದೇವಾಲಯಕ್ಕೆ ಬರ್ತಿದ್ದೀರಾ?” ಎಂದು ಹಾಜರಿ ತೆಗೆಯಬೇಡಿ. “ರಾತ್ರಿ ನಿದ್ದೆ ಬರ್ತದಾ?” ಎಂದು ಕೇಳಿ. ಇದಕ್ಕೆ ಉತ್ತರ ಕೊಡುವುದು ಸುಲಭ. ಅಲ್ಲಿಂದಲೇ ಉಳಿದದ್ದೆಲ್ಲ ಹೊರಗೆ ಬರುತ್ತದೆ.

ಕೇಳುವಾಗ ಒಂದು ವಿಷಯ ಗಮನಿಸಿ. ಎಲ್ಲರ ಸಂಕಟ ಒಂದೇ ರೀತಿಯದ್ದಲ್ಲ. ಒಬ್ಬರಿಗೆ ದೇವರ ಮೇಲೆ ಸಿಟ್ಟು. ಒಬ್ಬರಿಗೆ ತನ್ನ ಪಾಪಕ್ಕೆ ಕ್ಷಮೆಯೇ ಇಲ್ಲ ಎಂಬ ಹೆದರಿಕೆ. ಇನ್ನೊಬ್ಬರಿಗೆ ಸಿಟ್ಟೂ ಇಲ್ಲ, ಹೆದರಿಕೆಯೂ ಇಲ್ಲ, ಏನೂ ಇಲ್ಲ. ಒಳಗೆ ಎಲ್ಲ ಒಣಗಿಹೋಗಿದೆ. ಮೂವರಿಗೂ ಒಂದೇ ಪ್ರಾರ್ಥನೆ ಹೇಳಿ ಬಂದರೆ ಯಾರಿಗೂ ತಲುಪುವುದಿಲ್ಲ.

ಸಿಟ್ಟು ಇರುವವರಿಗೆ

ನಮ್ಮ ಪರಿಚಯದ ಒಬ್ಬ ತಾಯಿಯ ಮಗ ಗಲ್ಫಿನಲ್ಲಿ ತೀರಿಕೊಂಡ. ಅವನ ಶರೀರ ಊರಿಗೆ ಬರಲು ಎಷ್ಟೋ ದಿನ ಹಿಡಿಯಿತು. ಅಂತ್ಯಕ್ರಿಯೆ ಮುಗಿದ ಮೇಲೆ ಆಕೆ ಗೋಡೆಯಲ್ಲಿದ್ದ ಸತ್ಯವೇದದ ವಾಕ್ಯದ ಫ್ರೇಮನ್ನು ತೆಗೆದು ಮಂಚದ ಅಡಿಗೆ ಹಾಕಿದರು. ನಾನು ಹೋದಾಗ ಹೇಳಿದ್ದು: “ದೇವರ ಹೆಸರು ಮಾತ್ರ ಎತ್ತಬೇಡಿ ಟೀಚರ್. ಬೇರೆ ಏನಾದ್ರೂ ಮಾತಾಡಿ.” ಬೇರೆಯೇ ಮಾತಾಡಿದೆವು. ಮಗನ ಬಗ್ಗೆ, ಅವನು ಚಿಕ್ಕವನಿದ್ದಾಗ ಮಲ್ಪೆಯಲ್ಲಿ ನೀರಿಗೆ ಇಳಿಯಲು ಹಟ ಮಾಡಿದ್ದು, ಅವನಿಗೆ ಬಂಗುಡೆ ಗಸಿ ಎಂದರೆ ಪ್ರಾಣ. ಹೊರಡುವಾಗ ಇನ್ನೊಮ್ಮೆ ಬರಬಹುದಾ ಎಂದು ಮಾತ್ರ ಕೇಳಿದೆ.

ಕೆಲವು ಭೇಟಿಗಳ ನಂತರ ಅವರ ಅನುಮತಿ ಕೇಳಿ 13ನೇ ಕೀರ್ತನೆ ಓದಿದೆ. ಆರೇ ವಚನ. ಯೆಹೋವನೇ, ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ, ಎಷ್ಟರವರೆಗೆ ಮುಖ ಮರೆಮಾಡಿಕೊಂಡಿರುತ್ತೀ ಎಂದು ಶುರುವಾಗುವುದು. ಎರಡು ವಚನ ಓದಿ ನಿಲ್ಲಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಬರೆದವನಿಗೆ ಗೊತ್ತುಂಟು” ಎಂದರು. ಅಷ್ಟೇ.

ಇದನ್ನು ನೀವೂ ಮಾಡಬಹುದು. ಕೀರ್ತನೆಗಳ ಪುಸ್ತಕದಲ್ಲಿ ಸ್ತೋತ್ರ ಮಾತ್ರ ಇರುವುದಲ್ಲ, ಅಳುವ ಕೀರ್ತನೆಗಳೂ ತುಂಬ ಇವೆ. 13, 22, 42, 69, 77, 88. ಹೆಚ್ಚಿನವು ಕೊನೆಗೆ ಬರುವಾಗ ನಂಬಿಕೆಯ ಕಡೆಗೆ ತಿರುಗುತ್ತವೆ. 88 ತಿರುಗುವುದೇ ಇಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ತೆಗೆದುಹಾಕದೆ ಸತ್ಯವೇದದಲ್ಲಿ ಇಟ್ಟಿದ್ದಾರೆ. ಆಶೆಯ ಮಾತು ಕೇಳಿದರೇ ಮೈ ಉರಿಯುವಂಥ ಸ್ಥಿತಿಯಲ್ಲಿ ಇರುವವರಿಗೆ ನಾನು 88ನ್ನೇ ಓದುತ್ತೇನೆ. ಓದಿ, ಬೋಧನೆ ಸೇರಿಸುವುದಿಲ್ಲ. 13ನೇ ಕೀರ್ತನೆಯನ್ನೂ ಮೊದಲ ಸಲ ಪೂರ್ತಿ ಓದಬೇಕೆಂದಿಲ್ಲ. ಅವರು ಎಲ್ಲಿದ್ದಾರೋ ಆ ವಚನದಲ್ಲಿ ನಿಲ್ಲಿಸಿ. ಕೊನೆಯ ಎರಡು ವಚನ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಾರ್ಥನೆ ಮಾಡಲು ಒಪ್ಪಿದರೆ ಅವರ ದೂರನ್ನೇ ಪ್ರಾರ್ಥನೆ ಮಾಡಿ. ಅದಕ್ಕೆ ಸಕ್ಕರೆ ಸವರಬೇಡಿ. ನಾನು ಆ ತಾಯಿಗಾಗಿ ಮಾಡಿದ್ದು ಹೆಚ್ಚುಕಡಿಮೆ ಹೀಗೆ:

“ಕರ್ತನೇ, ಇವರಿಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಮಗನನ್ನು ಕಾಪಾಡು ಎಂದು ದಿನಾ ಕೇಳಿದರು. ಮಗ ಉಳಿಯಲಿಲ್ಲ. ಯಾಕೆ ಎಂದು ನಮಗೆ ತಿಳಿಯುವುದಿಲ್ಲ. ಈ ಸಿಟ್ಟನ್ನು ಬೇರೆಲ್ಲಿಗೂ ಕೊಂಡುಹೋಗದೆ ನಿನ್ನ ಮುಂದೆಯೇ ಇಡುತ್ತಿದ್ದೇವೆ. ಇವರು ನಿನ್ನನ್ನು ಹಿಡಿದುಕೊಳ್ಳಲು ಆಗದಿದ್ದರೂ ನೀನು ಇವರನ್ನು ಬಿಡಬೇಡ. ಈ ರಾತ್ರಿ ಒಂದಿಷ್ಟು ನಿದ್ದೆ ಕೊಡು. ಆಮೆನ್.”

ಒಂದು ನಿಮಿಷದೊಳಗೆ ಮುಗಿಯಿತು. ಉದ್ದ ಪ್ರಾರ್ಥನೆ ಹೇಳುವವರಿಗೆ ಚಟ ಬಿಡುವುದು ಕಷ್ಟ, ನನಗೆ ಗೊತ್ತು. ಆದರೆ ದುಃಖದಲ್ಲಿರುವವರ ಗಮನ ಎರಡು ವಾಕ್ಯದ ನಂತರ ನಿಲ್ಲುವುದಿಲ್ಲ. ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಪ್ರಾರ್ಥನೆ ಎಂದ ಕೂಡಲೇ ಪುಸ್ತಕದ ಕನ್ನಡ ಬರುತ್ತದೆ. ಅವರು ತುಳುವಿನಲ್ಲಿ ಅತ್ತರೆ ತುಳುವಿನಲ್ಲೇ ಪ್ರಾರ್ಥಿಸಿ, ಕೊಂಕಣಿಯಾದರೆ ಕೊಂಕಣಿ.

ಹೆದರಿಕೆ ಇರುವವರಿಗೆ

ಇವರ ಹತ್ತಿರ ಜಾಸ್ತಿ ತಾಳ್ಮೆ ಬೇಕು. ಇವರಲ್ಲಿ ಹೆಚ್ಚಿನವರು ತುಂಬ ಒಳ್ಳೆಯವರು, ಚಿಕ್ಕ ತಪ್ಪನ್ನೂ ಬರೆದಿಟ್ಟುಕೊಳ್ಳುವವರು. ಮಾರ್ಕನ ಮೂರನೇ ಅಧ್ಯಾಯದಲ್ಲಿ ಪವಿತ್ರಾತ್ಮ ದೂಷಣೆಗೆ ಕ್ಷಮೆ ಇಲ್ಲ ಎಂಬ ಮಾತಿದೆ. ಅದನ್ನು ಎಲ್ಲೋ ಯೂಟ್ಯೂಬಿನಲ್ಲಿ ಕೇಳಿ, ನಾನು ಅದನ್ನೇ ಮಾಡಿಬಿಟ್ಟೆ, ಮನಸ್ಸಿನಲ್ಲಿ ಕೆಟ್ಟ ಮಾತು ಬಂತು, ನನಗೆ ನರಕವೇ ಗತಿ ಎಂದು ಕಾಲೇಜು ಹುಡುಗರು ಕೂಡ ನಡುಗುತ್ತಾರೆ. ಅವರ ಜೊತೆ ಕೂತು ಆ ಭಾಗವನ್ನು ಮೇಲಿನಿಂದ ಓದಿ. ಯೇಸುಸ್ವಾಮಿ ಅದನ್ನು ಹೇಳಿದ್ದು ಯಾರಿಗೆ? ಜನರಿಗೆ ಗುಣವಾಗುವುದನ್ನು ನೋಡಿಯೂ ಇದು ದೆವ್ವಗಳ ಒಡೆಯನ ಕೆಲಸ ಎಂದ ಶಾಸ್ತ್ರಿಗಳಿಗೆ. ಅವರಿಗೆ ಯಾವ ಹೆದರಿಕೆಯೂ ಇರಲಿಲ್ಲ, ಯಾವ ರಾತ್ರಿಯೂ ನಿದ್ದೆ ಕೆಡಲಿಲ್ಲ. ಆ ಪಾಪ ಮಾಡಿಬಿಟ್ಟೆನಾ ಎಂದು ಅಳುವವನು ಅದನ್ನು ಮಾಡಿದವನಲ್ಲ ಎಂದು ಸಭಾಪಾಲಕರು (ಪಾದ್ರಿಗಳು) ಬಹಳ ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಇದನ್ನು ಒಂದು ಸಲ ಹೇಳಿದರೆ ಸಾಕಾಗುವುದಿಲ್ಲ. ಅದೇ ಯೋಚನೆ ದಿನಕ್ಕೆ ಐವತ್ತು ಸಲ ಬಂದು, ಐವತ್ತು ಸಲವೂ ಕ್ಷಮೆ ಕೇಳಿ, ಆದರೂ ಸಮಾಧಾನವಿಲ್ಲ ಎಂದಾದರೆ ಅದು ಓಸಿಡಿ ಎಂಬ ಮನಸ್ಸಿನ ಕಾಯಿಲೆಯೂ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ.

ನಿಜವಾಗಿ ಮಾಡಿದ ತಪ್ಪು ಮನಸ್ಸನ್ನು ತಿನ್ನುತ್ತಿದ್ದರೆ ವಿಷಯ ಬೇರೆ. ಆಗ “ಏನಿಲ್ಲ ಬಿಡಿ” ಎಂದು ತಳ್ಳಿಹಾಕಬೇಡಿ. ಅವರಿಗೆ ಹೇಳಲು ಬಿಡಿ. ಕಥೋಲಿಕರಾದರೆ ಪಾಪನಿವೇದನೆಗೆ ಜೊತೆಯಲ್ಲಿ ಹೋಗಿ ಹೊರಗಿನ ಬೆಂಚಿನಲ್ಲಿ ಕಾಯಿರಿ. ನಮ್ಮವರಾದರೆ ಸಭಾಪಾಲಕರ ಹತ್ತಿರ ಕರೆದುಕೊಂಡು ಹೋಗಿ, ಅಥವಾ ಯೋಹಾನನ ಮೊದಲ ಪತ್ರಿಕೆಯ ಒಂದನೇ ಅಧ್ಯಾಯದ ಒಂಬತ್ತನೇ ವಚನವನ್ನು, ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎಂಬುದನ್ನು, ಅವರ ಹೆಸರು ಸೇರಿಸಿ ಓದಿ.

ನಮ್ಮೂರಿನಲ್ಲಿ ಇನ್ನೊಂದು ಹೆದರಿಕೆ ಉಂಟು. ಮನೆಯಲ್ಲಿ ಒಂದರ ಹಿಂದೆ ಒಂದು ಕಷ್ಟ ಬಂದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಮುತ್ತಜ್ಜನ ಕಾಲದಲ್ಲಿ ದೈವವನ್ನು ಬಿಟ್ಟು ಕ್ರೈಸ್ತರಾಗಿ ಬಂದದ್ದಕ್ಕೆ ಹೀಗೆ. ಅಥವಾ ಯಾರೋ ಮಾಟ ಮಾಡಿಸಿದ್ದಾರೆ. ನಗಬೇಡಿ. ನೆರೆಮನೆಯವರ ಆರಾಧನೆಯನ್ನು ಹಳಿಯಲೂ ಬೇಡಿ. ಅದರಿಂದ ಹೆದರಿಕೆ ಹೋಗುವುದಿಲ್ಲ, ನೆರೆಹೊರೆ ಮಾತ್ರ ಹಾಳು. ನಾನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೇ ಅಧ್ಯಾಯದ ಕೊನೆಯ ಎರಡು ವಚನ ತೆಗೆಯುತ್ತೇನೆ. ಅಲ್ಲಿ ಅಪೊಸ್ತಲ ಪೌಲ ಒಂದು ಪಟ್ಟಿ ಕೊಡುತ್ತಾನೆ. ಮರಣ, ಜೀವ, ದೇವದೂತರು, ಅಧಿಕಾರಗಳು, ಈಗಿನದು, ಮುಂದೆ ಬರುವುದು, ಎತ್ತರ, ಆಳ. ಇದ್ಯಾವುದೂ ಕ್ರಿಸ್ತನಲ್ಲಿರುವ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎನ್ನುತ್ತಾನೆ. ಪಟ್ಟಿ ಓದಿ, ಕೊನೆಯಲ್ಲಿ ಅವರ ಹೆದರಿಕೆಯ ಹೆಸರನ್ನು ಅವರೇ ಸೇರಿಸಿ ಹೇಳಲಿ. “ಮಾಟವಾಗಲಿ”, “ಮುತ್ತಜ್ಜನ ಶಾಪವಾಗಲಿ”, “ಸ್ಕ್ಯಾನ್ ರಿಪೋರ್ಟ್ ಆಗಲಿ”. ಸ್ಕ್ಯಾನ್ ರಿಪೋರ್ಟ್ ಸೇರಿಸಿದ ಒಬ್ಬ ಅಜ್ಜಿ ಆಮೇಲೆ ಸೊಸೆಯ ಹೆಸರನ್ನೂ ಸೇರಿಸಬಹುದಾ ಎಂದು ಕೇಳಿದರು. ಬೇಡ ಎಂದೆ.

ಏನೂ ಅನಿಸದವರಿಗೆ

ಇವರು ಪ್ರತಿ ಭಾನುವಾರ ಬರುತ್ತಾರೆ, ಹಾಡುತ್ತಾರೆ, ಕಾಣಿಕೆ ಹಾಕುತ್ತಾರೆ. ಒಳಗೆ ಮಾತ್ರ ಬರಡು. ಬೇರೆಯವರಿಗೆ ಹೇಳಲು ನಾಚಿಕೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡ ಮೇಲೆ, 2007ರಲ್ಲಿ ಅವರ ಖಾಸಗಿ ಪತ್ರಗಳು ಹೊರಬಂದವು. ಹತ್ತಿರ ಹತ್ತಿರ ಅರ್ಧ ಶತಮಾನ ಅವರಿಗೆ ದೇವರು ಹತ್ತಿರವಿದ್ದಾನೆ ಎಂದು ಅನಿಸಿರಲೇ ಇಲ್ಲ ಎಂದು ಆಗ ಜಗತ್ತಿಗೆ ಗೊತ್ತಾಯಿತು. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಬರಡು ಮನಸ್ಸಿನವರಿಗೆ ಇದನ್ನು ಹೇಳಿದಾಗ ಒಂದು ಭಾರ ಇಳಿದದ್ದನ್ನು ನೋಡಿದ್ದೇನೆ. ಅನಿಸುವುದು ಬೇರೆ, ನಂಬಿಕೆ ಬೇರೆ ಎಂದು ಅವರಿಗೆ ಬೋಧನೆಯಿಂದ ತಿಳಿಯದ್ದು ಇದರಿಂದ ತಿಳಿಯುತ್ತದೆ.

ಇಂಥವರಿಗೆ ಸ್ವಂತ ಮಾತಿನ ಪ್ರಾರ್ಥನೆ ಬೇಡ. ಬಾಯಿಪಾಠದ್ದೇ ಒಳ್ಳೆಯದು. ಕರ್ತನು ಕಲಿಸಿದ ಪ್ರಾರ್ಥನೆ, “ಯೆಹೋವನು ನನಗೆ ಕುರುಬನು, ಕೊರತೆಪಡೆನು”, ಇಷ್ಟು ಸಾಕು. ನಮ್ಮ ಕಡೆಯ ಕೆಲವರು ಬಾಯಿಪಾಠ ಪ್ರಾರ್ಥನೆ ಎಂದರೆ ಮೂಗು ಮುರಿಯುತ್ತಾರೆ, ಹೃದಯದಿಂದ ಬರಬೇಕು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಮೂರನೇ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದ ಎಂದು ಮತ್ತಾಯನು ಬರೆದಿದ್ದಾನೆ. ಶಿಲುಬೆಯ ಮೇಲೆ “ನನ್ನ ದೇವರೇ, ಯಾಕೆ ಕೈಬಿಟ್ಟೆ” ಎಂದು ಕೂಗಿದ್ದು ಕೂಡ 22ನೇ ಕೀರ್ತನೆಯ ಮೊದಲ ಸಾಲು. ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಚಿಕ್ಕಂದಿನಿಂದ ಕೇಳಿದ ಮಾತು. ಕಲ್ಯಾಣಪುರದ ನನ್ನ ಕಥೋಲಿಕ ಗೆಳತಿಯ ಮನೆಯಲ್ಲಿ ಸಂಜೆಯಾದರೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಗಂಡ ಹೋದ ವರ್ಷ ಅವಳಿಗೆ ಮಾತು ಬರುತ್ತಿರಲಿಲ್ಲವಂತೆ. ಮಣಿ ಮಾತ್ರ ಎಣಿಸುತ್ತಿದ್ದಳಂತೆ. ಮಕ್ಕಳು ಹೇಳುತ್ತಿದ್ದರು, ಅವಳ ಬೆರಳು ಓಡುತ್ತಿತ್ತು. ಅದನ್ನು ಪ್ರಾರ್ಥನೆ ಅಲ್ಲ ಎನ್ನಲು ನಾನ್ಯಾರು?

ಯುದ್ಧದ ಹೊತ್ತಿನಲ್ಲಿ ಎತ್ತಿ ಹಿಡಿದಿದ್ದ ಮೋಶೆಯ ಕೈ ಸೋತಾಗ ಆರೋನ ಮತ್ತು ಹೂರ ಎರಡು ಕಡೆ ನಿಂತು ಹೊತ್ತು ಮುಳುಗುವವರೆಗೆ ಆ ಕೈಗಳನ್ನು ಎತ್ತಿ ಹಿಡಿದರು. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಡು ತೆಗೆದು ಇಳಿಸಿದಾಗ, ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಮಾರ್ಕ ಬರೆಯುತ್ತಾನೆ. ಮಲಗಿದ್ದವನು ಬಾಯಿ ತೆರೆದ ಎಂದು ಎಲ್ಲೂ ಇಲ್ಲ. ಪ್ರಾರ್ಥನೆ ಬರುವುದಿಲ್ಲ ಎನ್ನುವವರಿಗೆ ನಾನು ನೇರವಾಗಿ ಹೇಳುವುದು ಹೀಗೆ: “ಈ ತಿಂಗಳು ನೀವು ಮಾಡಬೇಡಿ. ನಿಮ್ಮ ಪಾಲಿನದ್ದು ನಾನು ಮಾಡ್ತೇನೆ. ನೀವು ಬೇಕಿದ್ರೆ ಆಮೆನ್ ಹೇಳಿ.” ಹೇಳಿದ ಮೇಲೆ ಮಾಡಿ. ನಾನು ಬೆಳಿಗ್ಗೆ ಕುಕ್ಕರ್ ಇಟ್ಟು ಸೀಟಿ ಬರುವವರೆಗೆ ಅವರ ಹೆಸರು ಹೇಳುತ್ತೇನೆ. ಇಲ್ಲದಿದ್ದರೆ ಮರೆತುಹೋಗುತ್ತದೆ.

ಹೇಳಬಾರದ ಮಾತುಗಳು

“ದೇವರಿಗೆ ಒಳ್ಳೆಯವರೇ ಬೇಗ ಬೇಕು.” “ನಿಮ್ಮ ನಂಬಿಕೆ ಸಾಲದು.” “ಇದಕ್ಕಿಂತ ಕಷ್ಟದಲ್ಲಿರುವವರನ್ನು ನೋಡಿ.” “ಎಲ್ಲದಕ್ಕೂ ಒಂದು ಕಾರಣ ಉಂಟು.” ಹುಟ್ಟು ಕುರುಡನನ್ನು ನೋಡಿ, ಇವನ ಪಾಪವೋ ಅಪ್ಪ ಅಮ್ಮನ ಪಾಪವೋ ಎಂದು ಕೇಳಿದ ಶಿಷ್ಯರಿಗೆ ಯೇಸು ಎರಡೂ ಅಲ್ಲ ಎಂದುಬಿಟ್ಟ. ಅಲ್ಲಿಗೆ ಆ ಮಾತು ಮುಗಿಯಬೇಕಿತ್ತು. ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ತಲೆ ಮೇಲೆ ಕೈ ಇಡುವ ಮೊದಲು ಕೇಳಿ. ಗುಣವಾಗುತ್ತದೆ, ಕೆಲಸ ಸಿಗುತ್ತದೆ ಎಂದು ದೇವರ ಹೆಸರಿನಲ್ಲಿ ಮಾತು ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ.

ಗಂಜಿ, ನಿದ್ದೆ, ಡಾಕ್ಟರು

ಒಂದನೇ ಅರಸುಗಳ 19ನೇ ಅಧ್ಯಾಯ. ಎಲೀಯ ಕರ್ಮೆಲ್ ಬೆಟ್ಟದಲ್ಲಿ ಗೆದ್ದು ಬಂದ ಪ್ರವಾದಿ. ರಾಣಿ ಈಜೆಬೆಲಳ ಬೆದರಿಕೆ ಬಂದದ್ದೇ ಅಡವಿಗೆ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಕೇಳಿದ. ದೇವರು ಏನು ಮಾಡಿದ? ಬೈಯಲಿಲ್ಲ. ನಿನ್ನ ನಂಬಿಕೆ ಎಲ್ಲಿ ಎಂದು ಕೇಳಲಿಲ್ಲ. ಮಲಗಲು ಬಿಟ್ಟ. ದೂತನನ್ನು ಕಳಿಸಿ ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಊಟ ಕೊಟ್ಟ. ದಾರಿ ದೂರ ಉಂಟು ಎಂದ. ಮಾತುಕತೆ ಎಲ್ಲ ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ಹಾಗಾಗಿ ನಾನು ಮನೆ ಭೇಟಿಗೆ ಖಾಲಿ ಕೈಯಲ್ಲಿ ಹೋಗುವುದಿಲ್ಲ. ಕುಚ್ಚಲಕ್ಕಿ ಗಂಜಿ ಅಲ್ಲೇ ಬೇಯಿಸಬಹುದು, ಜೊತೆಗೆ ಒಣ ಸಿಗಡಿ ಚಟ್ನಿ ಡಬ್ಬಿಯಲ್ಲಿ. ಉಪವಾಸ ಪ್ರಾರ್ಥನೆಗೆ ಬನ್ನಿ ಎಂದು ಇಂಥವರನ್ನು ಕರೆಯಲೇಬೇಡಿ. ಊಟ ಬಿಟ್ಟೇ ಎಷ್ಟೋ ದಿನವಾಗಿರುತ್ತದೆ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್‌ಗೂ ಇಂಥ ಕತ್ತಲೆ ಮತ್ತೆ ಮತ್ತೆ ಬರುತ್ತಿತ್ತು. ಅವರು ಬೇರೆಯವರಿಗೆ ಬರೆದ ಪತ್ರಗಳಲ್ಲಿ ಕೊಟ್ಟ ಸಲಹೆ ಬಹಳ ಸರಳ: ಒಬ್ಬರೇ ಇರಬೇಡಿ, ತಿನ್ನಿ, ಕುಡಿಯಿರಿ, ಜನರ ಜೊತೆ ನಗಿರಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಾತ್ರೆ ತೆಗೆದುಕೊಂಡರೆ ಅವಿಶ್ವಾಸ ಎನ್ನುವವರು ಈ ಊರಿನ ಚರಿತ್ರೆಯನ್ನಾದರೂ ನೋಡಲಿ. ಉಡುಪಿಯ ಮಿಶನ್ ಆಸ್ಪತ್ರೆಯನ್ನು 1923ರಲ್ಲಿ ಶುರುಮಾಡಿದ್ದು ಬಾಸೆಲ್ ಮಿಶನಿನ ಡಾಕ್ಟರ್ ಈವಾ ಲೊಂಬಾರ್ಡ್. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧಿ ಕೊಡಲು ತೊಡಗಿದ್ದು ಫಾದರ್ ಮುಲ್ಲರ್, ಕಥೋಲಿಕರ ಜೆಸ್ವಿತ್ ಸಂಘದ ಗುರು. ಪ್ರಾರ್ಥನೆಯೂ ಮದ್ದೂ ನಮ್ಮಲ್ಲಿ ಒಂದೇ ಕಂಪೌಂಡಿನೊಳಗೆ ಬೆಳೆದದ್ದು. ಮಣಿಪಾಲದಲ್ಲಿ, ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ. ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲಿ ಕೂರಲು ಒಬ್ಬರು ಬೇಕು, ಅಷ್ಟೇ. ಈಗಾಗಲೇ ಮಾತ್ರೆ ತಿನ್ನುತ್ತಿರುವವರಿಗೆ ನಿಲ್ಲಿಸಿ ಎಂದು ಯಾವ ಪ್ರಾರ್ಥನಾ ಕೂಟದಲ್ಲಿ ಹೇಳಿದರೂ ನಂಬಬೇಡಿ. ಡಾಕ್ಟರು ಹೇಳದೆ ನಿಲ್ಲಿಸಬಾರದು.

ಇನ್ನೊಂದು, ಕೇಳಲು ನಾಲಿಗೆ ಏಳದ ಪ್ರಶ್ನೆ. ಕೇಳಲೇಬೇಕು. “ಸಾಯಬೇಕು ಅಂತ ಯೋಚನೆ ಬರ್ತದಾ?” ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು ಹೆದರಿಕೆ. ಎಲೀಯನೂ ಸಾವು ಕೇಳಿದವನೇ ಎಂದು ಹೇಳಿದರೆ ಅವರಿಗೆ ಹೌದು ಎನ್ನಲು ಸುಲಭವಾಗುತ್ತದೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ. ಮನೆಯವರಿಗೆ ತಿಳಿಸಿ. ತೋಟಕ್ಕೆ ಹೊಡೆಯುವ ಮದ್ದು, ಮಾತ್ರೆ ಡಬ್ಬಿ ಕೈಗೆ ಸಿಗದ ಹಾಗೆ ತೆಗೆದಿಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಿಂದ ಇದೆ, ದುಡ್ಡಿಲ್ಲ, ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡಬಹುದು. ಅಪಾಯ ಹತ್ತಿರವಿದೆ ಅನಿಸಿದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಪ್ರಾರ್ಥನೆ ರಿಕ್ಷಾದಲ್ಲಿ ಮಾಡಬಹುದು.

ಗುಟ್ಟು

ಮೇಲೆ ಹೇಳಿದ ಅಪಾಯ ಒಂದನ್ನು ಬಿಟ್ಟರೆ, ಕೇಳಿದ್ದು ನಿಮ್ಮಲ್ಲೇ ಇರಲಿ. ನಮ್ಮ ದೊಡ್ಡ ರೋಗ ಯಾವುದೆಂದರೆ ಹರಟೆಗೆ ಪ್ರಾರ್ಥನಾ ವಿನಂತಿ ಎಂದು ಹೆಸರಿಡುವುದು. “ನಮ್ಮ ಒಬ್ಬ ಸಹೋದರಿಗಾಗಿ ಪ್ರಾರ್ಥಿಸಿ, ಹೆಸರು ಹೇಳುವುದಿಲ್ಲ, ಗಂಡ ದುಬೈಯಲ್ಲಿ, ಮನೆ ಅಂಬಲಪಾಡಿ ದೇವಸ್ಥಾನದ ಹತ್ತಿರ” ಎಂದು ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ಹೆಸರು ಹೇಳಿದ್ದಕ್ಕಿಂತ ಹೆಚ್ಚಾಯಿತು. ಹೆಸರು ಬೇಡದಿದ್ದರೆ ಗುರುತೂ ಬೇಡ. ಸಭಾಪಾಲಕರಿಗೆ ಹೇಳಬೇಕಾದರೂ ಅವರನ್ನು ಕೇಳಿಯೇ ಹೇಳಿ. ಒಮ್ಮೆ ಗುಟ್ಟು ಹೊರಗೆ ಬಂದರೆ ಅವರು ನಿಮಗೆ ಮಾತ್ರವಲ್ಲ, ಮುಂದೆ ಬರುವ ಯಾರಿಗೂ ಬಾಗಿಲು ತೆರೆಯುವುದಿಲ್ಲ.

ಆ ಸ್ಥಿತಿಯಲ್ಲಿ ಇರುವುದು ನೀವೇ ಆದರೆ

ಪ್ರಾರ್ಥನೆಯನ್ನು ಚಿಕ್ಕದು ಮಾಡಿ. ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿದ್ದು ಒಂದೇ ಮಾತು: ಯೇಸುವೇ, ನನ್ನನ್ನು ಕರುಣಿಸು. ಉಸಿರು ಎಳೆಯುವಾಗ “ಯೇಸುವೇ”, ಬಿಡುವಾಗ “ಕರುಣಿಸು”. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ. ಅದೂ ಆಗದಿದ್ದರೆ ಸುಮ್ನೆ ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಡಿ. ಏನು ಕೇಳಬೇಕೆಂದು ತಿಳಿಯದವರ ಪರವಾಗಿ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡುತ್ತಾನೆ ಎಂದು ರೋಮಾಪುರದವರಿಗೆ ಪೌಲ ಬರೆದಿದ್ದಾನೆ.

ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಾಕ್ಯವೇ ದೇವರ ಉತ್ತರ ಎಂದುಕೊಳ್ಳುವ ಅಭ್ಯಾಸ ಬಿಡಿ. ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ ಒಳ್ಳೆಯ ವಾಕ್ಯಗಳನ್ನೇ ಆರಿಸಿ ಹಾಕಿರುತ್ತಾರೆ. ಇಡೀ ಪುಸ್ತಕದಲ್ಲಿ ಹಾಗಲ್ಲ. ಹೆದರಿದ ಮನಸ್ಸಿನವರ ಬೆರಳು ಯಾವಾಗಲೂ ಯೆರೆಮೀಯನ ಶಾಪದ ಮೇಲೆಯೇ ಬೀಳುತ್ತದೆ. ರಾತ್ರಿ ಹೊತ್ತು ಬೋಧಕರ ಪ್ರಸಂಗದ ವಿಡಿಯೋಗಳನ್ನೂ ಬಿಡಿ. ಒಂದೇ ಕೀರ್ತನೆ ಹಿಡಿದುಕೊಂಡು ತಿಂಗಳಿಡೀ ಅದನ್ನೇ ಓದಿ. ಒಬ್ಬ ಮನುಷ್ಯನಿಗೆ, ಒಬ್ಬರಿಗಾದರೂ, ಇರುವುದನ್ನು ಇದ್ದ ಹಾಗೆ ಹೇಳಿ. ಗೆತ್ಸೇಮನೆಯಲ್ಲಿ ಯೇಸುವೇ ಮೂವರನ್ನು ಕರೆದುಕೊಂಡು ಹೋಗಿ, ಪ್ರಾಣ ಹೋಗುವಷ್ಟು ದುಃಖವಾಗಿದೆ, ನನ್ನ ಸಂಗಡ ಎಚ್ಚರವಾಗಿರಿ ಎಂದು ಕೇಳಿದ. ಅವರು ನಿದ್ದೆ ಹೋದರು, ಅದು ಬೇರೆ ಮಾತು. ಕೇಳುವುದರಲ್ಲಿ ನಾಚಿಕೆ ಇಲ್ಲ.

ಭಾನುವಾರ

ದೇವಾಲಯಕ್ಕೆ ಮತ್ತೆ ಬರುವುದು ಹೆಚ್ಚಿನವರಿಗೆ ಎಲ್ಲಕ್ಕಿಂತ ಕಷ್ಟ. ಪ್ರಾರ್ಥನೆಗಿಂತ ಜನರ ಪ್ರಶ್ನೆಯ ಹೆದರಿಕೆ ಜಾಸ್ತಿ. ಮೊದಲ ಸಲ ವಾರದ ನಡುವೆ, ಯಾರೂ ಇಲ್ಲದ ಹೊತ್ತಿನಲ್ಲಿ ಕರೆದುಕೊಂಡು ಹೋಗಿ ಹತ್ತು ನಿಮಿಷ ಕೂತು ಬನ್ನಿ. ಆಮೇಲೆ ಭಾನುವಾರ. ಬಾಗಿಲಿನ ಹತ್ತಿರದ ಕೊನೆಯ ಬೆಂಚಿನಲ್ಲಿ ನೀವು ಹೊರಗಿನ ಕಡೆ ಕೂತು, ಅವರನ್ನು ಒಳಗಿನ ಕಡೆ ಕೂರಿಸಿ. ಮಾತಾಡಿಸಲು ಬರುವವರು ಮೊದಲು ನಿಮ್ಮನ್ನು ದಾಟಬೇಕು. ಹಾಡು ಬರದಿದ್ದರೆ ಹಾಡಬೇಕಿಲ್ಲ. ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಹೋಗುವುದೋ ಬೇಡವೋ ಅವರಿಗೆ ಬಿಡಿ. ಸ್ವಲ್ಪ ಚೇತರಿಸಿಕೊಂಡರು ಎಂದು ಕಂಡ ಕೂಡಲೇ ದೇವರು ತನಗೆ ಮಾಡಿದ್ದನ್ನು ಸಾಕ್ಷಿಯಾಗಿ ಹೇಳಲು ಮೈಕಿನ ಹತ್ತಿರ ಕರೆಯುವ ಉತ್ಸಾಹಿಗಳು ಎಲ್ಲ ಸಭೆಯಲ್ಲೂ ಇರುತ್ತಾರೆ. ಸಭಾಪಾಲಕರಿಗೆ ಮೊದಲೇ ಹೇಳಿ ಅದನ್ನು ತಪ್ಪಿಸಿ. ಕೊನೆಯ ಹಾಡು ಶುರುವಾಗುವಾಗ ಎದ್ದು ಹೊರಡಿ. ಯಾರಾದರೂ ತಡೆದರೆ “ಬಸ್ಸುಂಟು” ಎನ್ನಿ. ಉಡುಪಿಯಲ್ಲಿ ಯಾವ ಹೊತ್ತಿಗಾದರೂ ಯಾವುದಾದರೂ ಒಂದು ಬಸ್ಸು ಇದ್ದೇ ಇರುತ್ತದೆ, ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.